ನಡುವಿನ ಸಂಪುಟ ಬರೀ ಕೊಂಡಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಸರಣಿ ಕಾದಂಬರಿಗಳನ್ನು ಕುರಿತ ಬರಹವನ್ನು ಓದಿದೆ. ಹಲವು ಸಂಪುಟಗಳಲ್ಲಿ ಹರಡಿಕೊಂಡ ಯಾವುದೇ ಅದ್ಭುತ ಕಥನದಲ್ಲಿ ಎರಡನೆಯ ಸಂಪುಟವು ಆರಂಭಕ್ಕೂ ಅಂತ್ಯಕ್ಕೂ ನಡುವಿನ ಕೊಂಡಿಯಷ್ಟೇ ಆಗಿರುತ್ತದೆ, ಅವಸರವಿರುವ ಓದುಗರು ಅದನ್ನು ಬೇಗ ಬೇಗನೆ ತಿರುವಿಹಾಕಿದರೂ ನಷ್ಟವಿಲ್ಲ ಎಂಬ ಅಭಿಪ್ರಾಯ ಅದರಲ್ಲಿತ್ತು. ಅದಕ್ಕೆ ನಿದರ್ಶನವಾಗಿ ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯ ಎರಡನೆಯ ಭಾಗವಾದ ‘ದ ಟೂ ಟವರ್ಸ್’ ಅನ್ನು ಹೆಸರಿಸಲಾಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಒಮ್ಮೆ ಓದಿದ್ದ ಆ ಪುಸ್ತಕವನ್ನು ಈ ಮಳೆಗಾಲದಲ್ಲಿ ಪಿಯುಸಿ ಓದುತ್ತಿರುವ ಮಗಳ ಜೊತೆ ಕುಳಿತು, ದಿನಕ್ಕೊಂದು ಅಧ್ಯಾಯದಂತೆ, ಮತ್ತೆ ಓದಿ ಮುಗಿಸಿದ್ದೇನೆ. ಇಡೀ ಕಥೆಯ ಜೀವ ಇರುವುದೇ ಆ ನಡುವಿನ ಸಂಪುಟದಲ್ಲಿ ಎಂದು ನನಗೆ ಈ ಸಲ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟನೆ. ಟೋಲ್ಕಿನ್ ಬರೆದದ್ದು ಮೂರು ಕಾದಂಬರಿಗಳನ್ನಲ್ಲ. ಆರು ಪರ್ವಗಳ ಒಂದೇ ಕೃತಿಯನ್ನು. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿಯಾಗಿದ್ದುದರಿಂದ ಪ್ರಕಾಶಕರು ಅದನ್ನು ಎರಡೆರಡು ಪರ್ವಗಳ ಮೂರು ಸಂಪುಟಗಳಾಗಿ ಒಡೆದರು. ಎರಡನೆಯದು 1954ರ ನವೆಂಬರ್ 11ರಂದು ಹೊರಬಂತು. ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ ಎರಡು ಪರ್ವಗಳಿಗೆ ಸೇರಿ ಒಂದು ಹೆಸರು ಇಡಬೇಕಾಗಿ ಬಂದದ್ದು ಲೇಖಕರಿಗೇ ತೊಡಕಾಗಿತ್ತು. ಶೀರ್ಷಿಕೆಯ ಆ ಎರಡು ಗೋಪುರಗಳು ಯಾವುವು ಎಂಬ ವಿಷಯದಲ್ಲಿ ಅವರ ನಿಲುವು ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. ಹೀಗಾಗಿ ಈ ಸಂಪುಟಕ್ಕೆ ತನ್ನದೇ ಆದ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಭಾರತವನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದವರು ಯಾರೂ ಅರಣ್ಯಪರ್ವವನ್ನು ಸಭಾಪರ್ವಕ್ಕೂ ವಿರಾಟಪರ್ವಕ್ಕೂ ನಡುವಿನ ಕೊಂಡಿ ಎಂದು ಕರೆಯಲಾರರು.

ಈ ಸಂಪುಟದಲ್ಲಿ ಓದುಗರನ್ನು ಮೊದಲು ಕಂಗೆಡಿಸುವುದು ಅದರ ಕಟ್ಟಡ. ಮೊದಲ ಸಂಪುಟದ ಕೊನೆಯಲ್ಲಿ ಲೋಕವನ್ನೇ ವಶಪಡಿಸಿಕೊಳ್ಳಬಲ್ಲ, ಆದ್ದರಿಂದಲೇ ನಾಶಮಾಡಬೇಕಾದ ಮಾಯಾ ಉಂಗುರವನ್ನು ಹೊತ್ತ ಫ್ರೋಡೊ ತನ್ನ ಸೇವಕ ಸ್ಯಾಮ್‌ನೊಂದಿಗೆ ಬಳಗವನ್ನು ಬಿಟ್ಟು ನದಿ ದಾಟುತ್ತಾನೆ. ಆಮೇಲೆ ಮೂರನೆಯ ಪರ್ವದ ಹನ್ನೊಂದು ಅಧ್ಯಾಯಗಳ ಉದ್ದಕ್ಕೂ ಅವರಿಬ್ಬರೂ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಮಗಳು ನಾಲ್ಕನೆಯ ದಿನಕ್ಕೇ ತಾಳ್ಮೆ ಕಳೆದುಕೊಂಡು, ‘ಅಮ್ಮಾ, ಫ್ರೋಡೊ ಎಲ್ಲಿ ಹೋದ?’ ಎನ್ನುತ್ತ ಹೆಬ್ಬೆರಳಿನಿಂದ ಪುಟಗಳನ್ನು ಸರಸರನೆ ಜಾರಿಸಿ ಅವನ ಹೆಸರನ್ನು ಹುಡುಕಿದಳು. ಸಿಕ್ಕಿದ್ದು ಪುಸ್ತಕದ ಅರ್ಧ ಭಾಗ ಕಳೆದ ಮೇಲೆ. 2002ರಲ್ಲಿ ಪೀಟರ್ ಜಾಕ್ಸನ್ ತೆಗೆದ ಸಿನಿಮಾದಲ್ಲಿ ಎರಡೂ ಎಳೆಗಳನ್ನು ಹೆಣೆದು, ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಎಂಬಂತೆ ತೋರಿಸಿರುವುದರಿಂದ ಅದನ್ನು ನೋಡಿದವರಿಗೆ ಇದು ಇನ್ನೂ ವಿಚಿತ್ರವೆನಿಸುತ್ತದೆ. ಆದರೆ ಲೇಖಕರು ಹೀಗೆ ಮಾಡಿದ್ದಕ್ಕೆ ಫಲವಿದೆ. ಬಳಗದಲ್ಲಿ ಉಳಿದ ಅರಗಾರ್ನ್ ಮತ್ತು ಅವನ ಸಂಗಡಿಗರಿಗೆ ಫ್ರೋಡೊನ ಗತಿ ಏನಾಯಿತೆಂದು ತಿಳಿಯದು, ನಮಗೂ ತಿಳಿಯದು. ಕೋಟೆ ಕಾಯುವವರ ಎದೆಯಲ್ಲಿರುವ ಕತ್ತಲೆಯನ್ನೇ ಓದುವವರ ಎದೆಯಲ್ಲೂ ತುಂಬುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣುವುದಿಲ್ಲ.

ಮೂರನೆಯ ಪರ್ವದ ಬಗ್ಗೆ ಹೆಚ್ಚು ಹೇಳಲಾರೆ. ಸೆರೆಯಾದ ಗೆಳೆಯರಿಬ್ಬರನ್ನು ಹುಡುಕುತ್ತ ಮೂವರು ನಾಲ್ಕು ದಿನ ತುಂಬುವುದರೊಳಗೆ 45 ಲೀಗ್ (ಒಂದು ಲೀಗ್ ಎಂದರೆ ಸುಮಾರು ಮೂರು ಮೈಲಿ) ದೂರವನ್ನು ಕಾಲ್ನಡಿಗೆಯಲ್ಲೇ ಕ್ರಮಿಸುವ ಭಾಗ ಉಸಿರುಗಟ್ಟಿಸುವಂತಿದೆ. ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧ ನನ್ನ ಮನಸ್ಸಿನಲ್ಲಿ ಅಷ್ಟಾಗಿ ನಿಲ್ಲಲಿಲ್ಲ. ನಿಂತದ್ದು, ಮರಗಳನ್ನು ಕಾಯುವ ಎಂಟ್ ಎಂಬ ಪ್ರಾಚೀನ ಜೀವಿಗಳು. ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಅವು ಮೂರು ದಿನ ಸಭೆ ಕೂರುತ್ತವೆ. ಅವುಗಳ ಭಾಷೆಯಲ್ಲಿ ಏನನ್ನಾದರೂ ಹೇಳುವುದಕ್ಕೆ ಬಹಳ ಹೊತ್ತು ಹಿಡಿಯುವುದರಿಂದ, ಅಷ್ಟು ಹೊತ್ತು ವ್ಯಯಿಸಲು ಯೋಗ್ಯವಾದುದನ್ನು ಬಿಟ್ಟು ಬೇರೇನನ್ನೂ ಅವು ಆಡುವುದಿಲ್ಲ. ತಮ್ಮ ಹೆಣ್ಣು ಸಂಗಾತಿಗಳನ್ನು ಎಂದೋ ಕಳೆದುಕೊಂಡು, ಸಿಕ್ಕವರನ್ನೆಲ್ಲ ‘ನೀವು ಎಲ್ಲಾದರೂ ಕಂಡಿರಾ’ ಎಂದು ವಿಚಾರಿಸುವ ಅವುಗಳ ದುಃಖ, ಮೇಲುನೋಟಕ್ಕೆ ಮಕ್ಕಳ ಕಥೆಯಂತಿದ್ದರೂ, ಓದಿ ಮುಚ್ಚಿಟ್ಟ ಮೇಲೂ ಬಹಳ ಹೊತ್ತು ಕಾಡುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನಾಲ್ಕನೆಯ ಪರ್ವದ ಬಗ್ಗೆ. ಅದರ ಹತ್ತು ಅಧ್ಯಾಯಗಳಲ್ಲಿ ಬಹುಪಾಲು ಮೂವರೇ ನಡೆಯುತ್ತಾರೆ: ಫ್ರೋಡೊ, ಸ್ಯಾಮ್ ಮತ್ತು ಅವರಿಗೆ ದಾರಿ ತೋರಿಸುವ ಗೊಲ್ಲಮ್. ಗೊಲ್ಲಮ್ ಒಂದು ಕಾಲದಲ್ಲಿ ಸ್ಮೀಗಲ್ ಎಂಬ ಹೆಸರಿನ, ಫ್ರೋಡೊನಂಥ ಪುಟ್ಟ ಜನರ ದೂರದ ಬಂಧುವೇ ಆಗಿದ್ದವನು. ಉಂಗುರದ ಆಸೆಗೆ ಕೊಲೆ ಮಾಡಿ, ಅದನ್ನು ಶತಮಾನಗಳ ಕಾಲ ಇಟ್ಟುಕೊಂಡು, ಹಾಳಾಗಿ ಹೋದವನು. ಮೊದಲ ಸಂಪುಟದಲ್ಲಿ ಅವನ ಕಥೆಯನ್ನು ಕೇಳಿ, ಅವನನ್ನು ಆಗಲೇ ಕೊಂದುಹಾಕಿದ್ದರೆ ಚೆನ್ನಾಗಿತ್ತು ಎಂದಿದ್ದ ಫ್ರೋಡೊ ಈಗ ಅವನನ್ನು ಕಣ್ಣಾರೆ ಕಂಡಾಗ ಕನಿಕರಗೊಂಡು ಬಿಟ್ಟುಬಿಡುತ್ತಾನೆ. ಆ ಹೊರೆ ಹೊತ್ತವನ ಸಂಕಟ ಮತ್ತೊಬ್ಬ ಹೊತ್ತವನಿಗಷ್ಟೇ ಅರ್ಥವಾಗುತ್ತದೆ. ಸ್ಯಾಮ್‌ಗೆ ಅದು ಅರ್ಥವಾಗುವುದಿಲ್ಲ. ಆಗಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಈ ಮೂವರು ದಾಟುವ ಸತ್ತವರ ಜೌಗಿನ ವರ್ಣನೆಯನ್ನು ನಿಮ್ಮ ಓದುಗರು ಒಮ್ಮೆ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಸ್ಯಾಮ್ ಮುಗ್ಗರಿಸಿ ಬೀಳುತ್ತಾನೆ, ಕೈಗಳು ಕೆಸರಿನಲ್ಲಿ ಹೂತುಹೋಗುತ್ತವೆ, ಮುಖ ನೀರಿನ ಮಟ್ಟಕ್ಕೆ ಬರುತ್ತದೆ, ಮಸಿ ಹಿಡಿದ ಗಾಜಿನ ಕಿಟಕಿಯೊಳಗೆ ಇಣುಕಿದಂತೆ ನೀರಿನಡಿಯಲ್ಲಿ ಮುಖಗಳು ಕಾಣುತ್ತವೆ. ಎಂದೋ ನಡೆದ ಮಹಾಯುದ್ಧದಲ್ಲಿ ಸತ್ತವರು ಅವರು. ಒಳ್ಳೆಯವರ ಕಡೆಯವರೂ ಕೆಟ್ಟವರ ಕಡೆಯವರೂ ಅಕ್ಕಪಕ್ಕದಲ್ಲೇ ಕೊಳೆಯುತ್ತಿದ್ದಾರೆ. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ಯುದ್ಧಭೂಮಿಯಲ್ಲಿ ಸೈನ್ಯಾಧಿಕಾರಿಯಾಗಿದ್ದವರು. ಈ ಜೌಗು ಪ್ರದೇಶದ ಚಿತ್ರಣವು ಆ ಯುದ್ಧದ ನಂತರದ ಉತ್ತರ ಫ್ರಾನ್ಸಿಗೆ ಒಂದಷ್ಟು ಋಣಿಯಾಗಿದೆ ಎಂದು ಅವರೇ ಮುಂದೆ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾರೆ. ಅದನ್ನು ತಿಳಿದು ಓದಿದರೆ ಆ ಪುಟಗಳನ್ನು ಕಲ್ಪನೆಯ ವಿಲಾಸ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ಸ್ವಲ್ಪ ಮುಂದೆ, ಇಥಿಲಿಯನ್ ಕಾಡಿನಲ್ಲಿ, ಶತ್ರುಪಕ್ಷದ ಸೈನಿಕನೊಬ್ಬ ಬಾಣ ತಗುಲಿ ಸ್ಯಾಮ್‌ನ ಸಮೀಪದಲ್ಲೇ ಬಂದು ಬಿದ್ದು ಸಾಯುತ್ತಾನೆ. ಮನುಷ್ಯರ ನಡುವಿನ ಯುದ್ಧವನ್ನು ಸ್ಯಾಮ್ ನೋಡುತ್ತಿರುವುದು ಅದೇ ಮೊದಲು. ಸತ್ತವನ ಮುಖ ತನಗೆ ಕಾಣದಿದ್ದುದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಲೇ, ಅವನ ಹೆಸರೇನಿದ್ದೀತು, ಅವನ ಊರು ಯಾವುದು, ಅವನು ನಿಜವಾಗಿಯೂ ದುಷ್ಟನೋ ಅಥವಾ ಯಾರದೋ ಸುಳ್ಳಿಗೋ ಬೆದರಿಕೆಗೋ ಒಳಗಾಗಿ ಮನೆ ಬಿಟ್ಟು ಇಷ್ಟು ದೂರ ಬಂದವನೋ ಎಂದು ಅವನು ಯೋಚಿಸುತ್ತಾನೆ. ತೋಟದ ಕೆಲಸ ಮಾಡಿಕೊಂಡಿದ್ದ, ಅಡುಗೆಯ ಪಾತ್ರೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಇಷ್ಟು ದೂರ ಬಂದ ಸ್ಯಾಮ್‌ನ ಮನಸ್ಸಿನಲ್ಲಿ ಈ ಪ್ರಶ್ನೆ ಹುಟ್ಟುವುದರಿಂದ ಅದಕ್ಕೆ ಬೇರೆಯೇ ತೂಕ ಬಂದಿದೆ. ಓದುತ್ತಿದ್ದಾಗ ನನಗೆ ರನ್ನನ ಗದಾಯುದ್ಧದಲ್ಲಿ ಸಂಜಯನೊಡನೆ ಹೆಣಗಳನ್ನು ದಾಟುತ್ತ ಬರುವ ದುರ್ಯೋಧನ, ಹಗೆಯ ಮಗನಾದ ಅಭಿಮನ್ಯುವಿನ ಕಳೇಬರದೆದುರು ನಿಂತು ಅವನ ಪರಾಕ್ರಮಕ್ಕೆ ಕೈಮುಗಿದದ್ದು ನೆನಪಾಯಿತು. ಎರಡೂ ಬೇರೆ ಬೇರೆ ಲೋಕದ ಮಾತು ಎಂಬುದನ್ನು ಬಲ್ಲೆ. ನೆನಪಾದದ್ದನ್ನು ಮಾತ್ರ ಹೇಳಿದೆ.

ಇನ್ನು, ಶತ್ರುವಿನ ನಾಡಿನೊಳಗೆ ಹೋಗುವ ಕಡಿದಾದ ದಾರಿಯಾದ ಕಿರಿತ್ ಉಂಗೊಲ್‌ನ ಮೆಟ್ಟಿಲುಗಳ ಮೇಲೆ ನಡೆಯುವ ಆ ಪ್ರಸಂಗ. ಅದು ಮುದ್ರಿತ ಪುಟದಲ್ಲಿ ಒಂದೂವರೆ ಪುಟವನ್ನೂ ಮೀರಲಿಕ್ಕಿಲ್ಲ. ಫ್ರೋಡೊ ಸ್ಯಾಮ್‌ನ ಮಡಿಲಲ್ಲಿ ತಲೆಯಿಟ್ಟು ನಿದ್ರಿಸುತ್ತಿದ್ದಾನೆ. ಅವನನ್ನು ಕಾಯಬೇಕಾಗಿದ್ದ ಸ್ಯಾಮ್ ಕೂಡ ಅವನ ಹಣೆಯ ಮೇಲೊಂದು ಕೈಯನ್ನೂ ಎದೆಯ ಮೇಲೊಂದು ಕೈಯನ್ನೂ ಇಟ್ಟುಕೊಂಡೇ ತೂಕಡಿಸಿ ಮಲಗಿಬಿಟ್ಟಿದ್ದಾನೆ. ಎಲ್ಲಿಗೋ ಹೋಗಿದ್ದ ಗೊಲ್ಲಮ್ ತೆವಳಿಕೊಂಡು ಬಂದು ಈ ಇಬ್ಬರನ್ನು ನೋಡುತ್ತಾನೆ. ಅವನ ಕಣ್ಣುಗಳ ಹಸಿ ಹೊಳಪು ಆರಿ, ಅವು ಮಬ್ಬಾಗಿ, ಬೂದು ಬಣ್ಣಕ್ಕೆ ತಿರುಗಿ, ದಣಿದ ಮುದುಕನ ಕಣ್ಣುಗಳಾಗುತ್ತವೆ. ಒಮ್ಮೆ ಹಿಂತಿರುಗಿ ಕಣಿವೆಯ ಕಡೆ ನೋಡಿ, ಒಳಗೊಳಗೇ ಏನನ್ನೋ ವಾದಿಸಿದವನಂತೆ ತಲೆಯಾಡಿಸಿ, ಮತ್ತೆ ಬಳಿಗೆ ಬಂದು, ನಡುಗುವ ಕೈಯನ್ನು ಚಾಚಿ ಫ್ರೋಡೊನ ಮೊಣಕಾಲನ್ನು ಅತ್ಯಂತ ಮೆಲ್ಲಗೆ ಮುಟ್ಟುತ್ತಾನೆ. ಅದೊಂದು ಸವರುವಿಕೆಯೇ ಸರಿ. ನಿದ್ದೆಯಲ್ಲೇ ಫ್ರೋಡೊ ಸಣ್ಣಗೆ ನರಳುತ್ತಾನೆ, ಸ್ಯಾಮ್ ತಟ್ಟನೆ ಎಚ್ಚರಗೊಂಡು, ಕದ್ದು ಹೋಗಿ ಕದ್ದು ಬರುವ ನೀಚನೆಂದು ಗೊಲ್ಲಮ್‌ನನ್ನು ಗದರುತ್ತಾನೆ. ಕಣ್ಣುಗಳಲ್ಲಿ ಹಸಿರು ಕಿಡಿ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಆ ಗಳಿಗೆ ಮುಗಿಯಿತು. ಅದು ಮತ್ತೆ ಬರುವುದಿಲ್ಲ ಎಂದು ಲೇಖಕರು ನೇರವಾಗಿಯೇ ಹೇಳಿಬಿಡುತ್ತಾರೆ.

‘ಆದರೆ ಅಮ್ಮಾ, ಸ್ಯಾಮ್ ಹೇಳಿದ್ದು ನಿಜವೇ ಅಲ್ಲವಾ? ಅವನು ಕದ್ದೇ ಹೋಗಿದ್ದನಲ್ಲ’ ಎಂದಳು ಮಗಳು. ಅವಳ ಮಾತು ಸರಿ. ಗೊಲ್ಲಮ್ ಆ ಹೊತ್ತಿಗೆ ಹೋಗಿ ಬಂದಿದ್ದದ್ದು ಶೆಲಾಬ್ ಎಂಬ ರಾಕ್ಷಸ ಜೇಡದ ಬಳಿಗೆ, ಇವರಿಬ್ಬರನ್ನೂ ಅದಕ್ಕೆ ಬಲಿಕೊಡುವ ಏರ್ಪಾಟಿಗೆ. ಸ್ಯಾಮ್‌ನ ಅನುಮಾನದಲ್ಲಿ ಸುಳ್ಳಿಲ್ಲ. ಅವನ ಸಿಟ್ಟು ಹುಟ್ಟಿದ್ದೇ ಫ್ರೋಡೊನ ಮೇಲಿನ ಪ್ರೀತಿಯಿಂದ. ಸುಳ್ಳು ಹೇಳದ, ಪ್ರೀತಿಯನ್ನು ಬಿಟ್ಟು ಬೇರೇನನ್ನೂ ಅರಿಯದ ಒಬ್ಬನ ಬಾಯಿಂದ ಹೊರಟ ಒಂದೇ ಒಂದು ಒರಟು ಮಾತು, ಒಳ್ಳೆಯತನದ ಕಡೆಗೆ ಇನ್ನೇನು ಹೊರಳಲಿದ್ದ ಜೀವವೊಂದನ್ನು ಮತ್ತೆ ಹಳ್ಳಕ್ಕೆ ನೂಕಿತು. ಇಡೀ ಕಥೆಯಲ್ಲಿ ತಮ್ಮನ್ನು ಅತಿಯಾಗಿ ನೋಯಿಸಿದ ಪ್ರಸಂಗಗಳಲ್ಲಿ ಇದೂ ಒಂದು ಎಂಬಂತೆ ಟೋಲ್ಕಿನ್ ತಮ್ಮ ಪತ್ರಗಳಲ್ಲಿ ಬರೆದುಕೊಂಡಿದ್ದಾರೆ. ಜಾಕ್ಸನ್ ಅವರ ಸಿನಿಮಾಗಳಲ್ಲಿ ಈ ಗಳಿಗೆಯೇ ಇಲ್ಲ. ಅವುಗಳಲ್ಲಿ ಮೂರನೆಯದರಲ್ಲಿ ಅದರ ಬದಲು, ರೊಟ್ಟಿಯ ಚೂರುಗಳನ್ನು ಸ್ಯಾಮ್‌ನ ಮೇಲೆ ಉದುರಿಸಿ ಅವನನ್ನು ಕಳ್ಳನೆಂದು ನಂಬಿಸುವ ಗೊಲ್ಲಮ್ ಇದ್ದಾನೆ. ಆ ಗೊಲ್ಲಮ್‌ನನ್ನು ದ್ವೇಷಿಸುವುದು ಸುಲಭ. ಪುಸ್ತಕದ ಗೊಲ್ಲಮ್‌ನನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಯುದ್ಧದ ಪುಟಗಳತ್ತ ಓಡುವ ಆತುರದಲ್ಲಿ ನಾನೂ ಈ ಸಾಲುಗಳನ್ನು ದಾಟಿಹೋಗಿದ್ದೆ ಎಂಬುದು ಈ ಸಲ ನನಗೆ ನೋವು ತಂದಿತು.

ಪುಸ್ತಕದಲ್ಲಿ ಕೊರತೆಗಳಿಲ್ಲವೆಂದಲ್ಲ. ನಾಲ್ಕನೆಯ ಪರ್ವದಲ್ಲಿ ಕಣ್ಣೆದುರು ಬರುವ ಹೆಣ್ಣು ಜೀವವೆಂದರೆ ಆ ರಾಕ್ಷಸ ಜೇಡ ಒಂದೇ; ಮೂರನೆಯದರಲ್ಲಿ ಎಯೊವಿನ್ ಎಂಬ ಘನವಾದ ಪಾತ್ರವೊಂದು ಬಂದರೂ ಅವಳಿಗೆ ಸಿಗುವ ಪುಟಗಳು ಬೆರಳೆಣಿಕೆಯಷ್ಟು. ಶತ್ರು ಸೈನಿಕನ ಊರು ಕೇಳಿದ ಕೃತಿಯು ಶತ್ರುಪಡೆಯ ವಿಕಾರ ಜೀವಿಗಳಾದ ಓರ್ಕ್‌ಗಳ ವಿಷಯದಲ್ಲಿ ಆ ಕರುಣೆಯನ್ನು ತೋರುವುದಿಲ್ಲ. ಆದರೂ ಕೊನೆಯ ಅಧ್ಯಾಯದಲ್ಲಿ ಇಬ್ಬರು ಓರ್ಕ್ ನಾಯಕರು, ಈ ಯುದ್ಧ ಮುಗಿದರೆ ಮೇಲಧಿಕಾರಿಗಳ ಕಾಟವಿಲ್ಲದ ಕಡೆ ನಂಬಿಕೆಯ ನಾಲ್ಕು ಜನರೊಂದಿಗೆ ಹೋಗಿ ಇದ್ದುಬಿಡೋಣ ಎಂದು ಮಾತಾಡಿಕೊಳ್ಳುವುದನ್ನು ಕೇಳಿದಾಗ, ಲೇಖಕರಿಗೇ ಆ ಬಗ್ಗೆ ಅಳುಕಿತ್ತೇನೋ ಎನ್ನಿಸುತ್ತದೆ.

ಸಂಪುಟದ ಕೊನೆಯ ಸಾಲಿನಲ್ಲಿ ಫ್ರೋಡೊ ಜೀವಂತವಾಗಿದ್ದಾನೆ, ಆದರೆ ಶತ್ರುವಿನ ಕೈವಶವಾಗಿದ್ದಾನೆ. ಮೊದಲ ಓದುಗರು ಮುಂದಿನದನ್ನು ತಿಳಿಯಲು 1955ರ ಅಕ್ಟೋಬರ್ 20ರವರೆಗೆ, ಅಂದರೆ ಹನ್ನೊಂದು ತಿಂಗಳಿಗೂ ಮೀರಿ ಕಾಯಬೇಕಾಯಿತು. ಆ ಕಾಯುವಿಕೆಯ ಒಂದಂಶವನ್ನಾದರೂ ಅನುಭವಿಸೋಣವೆಂದು ನಾನೂ ಮಗಳೂ ಮೂರನೆಯ ಸಂಪುಟವನ್ನು ದೀಪಾವಳಿಯವರೆಗೆ ತೆರೆಯಬಾರದೆಂದು ಒಪ್ಪಂದ ಮಾಡಿಕೊಂಡಿದ್ದೇವೆ. ನಿಮ್ಮ ಪುರವಣಿಯಲ್ಲಿ ಮುಂದೆ ಇಂತಹ ಸರಣಿಗಳನ್ನು ಪರಿಚಯಿಸುವಾಗ ಪ್ರತಿ ಸಂಪುಟಕ್ಕೂ ಬೇರೆ ಬೇರೆಯಾಗಿ ಸ್ಥಳ ನೀಡಬೇಕೆಂದೂ, ಅದು ಸಾಧ್ಯವಿಲ್ಲವಾದರೆ ನಡುವಿನ ಸಂಪುಟವನ್ನು ಬಿಟ್ಟು ಓದಬಹುದೆಂಬ ಸಲಹೆಯನ್ನಾದರೂ ಎಳೆಯ ಓದುಗರಿಗೆ ಕೊಡಬಾರದೆಂದೂ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು, ಸಾಗರ