ಒಂದು ಸಲವೂ ಕೆಮ್ಮಲಿಲ್ಲ

ನಿನ್ನೆ ಬೆಳಿಗ್ಗೆ ನಮ್ಮ 42 ಜೇನು ಪೆಟ್ಟಿಗೆಗೂ ನುಸಿ ಕೊಲ್ಲುವ ಫಾರ್ಮಿಕ್ ಆಸಿಡ್ ಇಟ್ಟು ಬಂದೆ. ಬಿಸಿಲೇರುವ ಮೊದಲೇ ಕೆಲಸ ಮುಗಿಯಿತು. ಮನೆಗೆ ಬಂದು ಕೈಕಾಲು ತೊಳೆದು ಜಗುಲಿ ಮೇಲೆ ಕೂತೆ. ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಕೆಮ್ಮು ಬರಲಿಲ್ಲ. ರಾತ್ರಿಯೂ ಬರಲಿಲ್ಲ. ಹತ್ತು ತಿಂಗಳಿಂದ ಹೇಳಬೇಕು ಅಂದುಕೊಂಡಿದ್ದ ಮಾತನ್ನು ಇವತ್ತು ಹೇಳುತ್ತಿದ್ದೇನೆ.

ನಮ್ಮದು ಕೊರಟಗೆರೆ ತಾಲ್ಲೂಕು. ಸಾಕಿರುವುದು ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ಈ ಜೇನಿಗೆ ಮೈಗಂಟಿ ಬದುಕುವ ವರೋವಾ ನುಸಿಯ ಕಾಟ ಜಾಸ್ತಿ. ನಮ್ಮ ನಾಡಿನ ತುಡುವೆ ಜೇನಿಗೆ ಇದು ಹಳೇ ಶತ್ರು, ಒಂದರ ಮೈಮೇಲಿನ ನುಸಿಯನ್ನು ಇನ್ನೊಂದು ಹೆಕ್ಕಿ ಕಚ್ಚಿ ಹಾಕುತ್ತದೆ. ಮೆಲ್ಲಿಫೆರಾಗೆ ಆ ರೂಢಿ ಕಡಿಮೆ, ನಾವೇ ಕೈ ಹಾಕಬೇಕು. ಸಣ್ಣ ಸೀಸೆಗೆ 85% ಫಾರ್ಮಿಕ್ ಆಸಿಡ್ ಹಾಕಿ, ಹತ್ತಿಯ ಬತ್ತಿ ಇಳಿಬಿಟ್ಟು ಪೆಟ್ಟಿಗೆಯ ತಳದಲ್ಲಿ ಇಡುತ್ತೇವೆ. ಅದರ ಆವಿ ಜೇನುಮರಿ ಇರುವ ಗೂಡಿನ ಮೇಣದ ಮುಚ್ಚಳವನ್ನೂ ದಾಟಿ ಒಳಗೆ ಮರಿಯ ಮೈಗೆ ಅಂಟಿಕೊಂಡ ನುಸಿಯನ್ನು ಕೊಲ್ಲುತ್ತದೆ. ಅಂಥ ಆವಿಗೆ ನಾನು ಮೂಗಿಗೆ ಕಟ್ಟಿಕೊಂಡಿದ್ದ ಟವೆಲ್ ಯಾವ ಲೆಕ್ಕ? ಆಗ ಗೊತ್ತಿರಲಿಲ್ಲ.

ಹೋದ ಫೆಬ್ರವರಿ ಕೊನೆ. ಹುಚ್ಚೆಳ್ಳು ಜೇನು ತೆಗೆದ ಮೇಲೆ, ಚಳಿಯಲ್ಲೇ ಮಾಡಬೇಕಿದ್ದ ಕೆಲಸವನ್ನು ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಅವತ್ತು ಮಧ್ಯಾಹ್ನ ಶೀಟಿನ ಕೊಠಡಿಯಲ್ಲಿ ಬಾಗಿಲು ಓರೆ ಮಾಡಿಕೊಂಡು ಸೀಸೆಗಳಿಗೆ ಆಸಿಡ್ ತುಂಬಿಸುತ್ತಿದ್ದೆ. ಟವೆಲ್ ಒದ್ದೆ ಮಾಡಿ ಕಟ್ಟಿದ್ದೆ, ಒದ್ದೆಯಾದರೆ ವಾಸನೆ ತಡೆಯುತ್ತೆ ಅಂತ. ಕಣ್ಣು ಉರಿಯಿತು, ಗಂಟಲು ಕೆರೆಯಿತು, ಸಹಿಸಿಕೊಂಡೆ. ಸಂಜೆ ಹೊತ್ತಿಗೆ ಸರಿಹೋಯಿತು ಅನಿಸಿತು. ಆದರೂ ಒಂದು ಕಡೆ ತೋರಿಸಿದ್ದಕ್ಕೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ರಾತ್ರಿ ಎರಡರ ಹೊತ್ತಿಗೆ ಎದೆ ಬಿಗಿದುಕೊಂಡಿತು. ಉಸಿರು ಒಳಗೆ ಹೋಗುತ್ತಿತ್ತು, ಆಚೆ ಬರುತ್ತಿರಲಿಲ್ಲ. ಮಲಗಿದರೆ ಮುಳುಗಿದ ಹಾಗೆ. ಮಂಚದ ಪಟ್ಟಿ ಹಿಡಿದು ಬಗ್ಗಿ ಕೂತಿದ್ದೆ.

ಪಕ್ಕದ ಮನೆಯ ಆಟೋ ತಮ್ಮ, ಮೊದಲ ಥ್ಯಾಂಕ್ಸ್ ನಿನಗೆ. ಒಂದು ಸಲ ಕೂಗಿದ್ದಕ್ಕೇ ಬನಿಯನ್‌ನಲ್ಲೇ ಓಡಿ ಬಂದೆ. ಹೊರಡುವಾಗ ಕೊಠಡಿಗೆ ಹೋಗಿ ಕ್ಯಾನಿನ ಲೇಬಲ್ ಫೋಟೋ ತೆಗೆದುಕೊಂಡೆಯಲ್ಲ, ಅದು ನಿನಗೆ ಹೇಗೆ ಹೊಳೆಯಿತೋ! ತುಮಕೂರಿನಲ್ಲಿ ಡಾಕ್ಟರ್ ಕೇಳಿದ್ದೇ ಅದನ್ನು: ಯಾವ ಕೆಮಿಕಲ್, ಎಷ್ಟು ಪರ್ಸೆಂಟ್, ಎಷ್ಟು ಹೊತ್ತು? ನನಗೆ ಮಾತೇ ಹೊರಡುತ್ತಿರಲಿಲ್ಲ. ನೀನು ಫೋನ್ ಮುಂದೆ ಹಿಡಿದೆ. ಆಸಿಡ್ ಆವಿ ಕುಡಿದವರಿಗೆ ಗಂಟೆಗಳ ಮೇಲೂ ಉಸಿರು ಕಟ್ಟಬಹುದು, ಸುಮ್ನೆ ಮನೆಗೆ ಕಳಿಸುವ ಹಾಗಿಲ್ಲ ಅಂತ ಆ ಡಾಕ್ಟರ್ ಆಕ್ಸಿಜನ್ ಹಾಕಿಸಿ ಅಲ್ಲೇ ಉಳಿಸಿಕೊಂಡರು. ಅವರಿಗೂ, ರಾತ್ರಿಯೆಲ್ಲ ನೆಬ್ಯುಲೈಸರ್ ಹಿಡಿದು ನಿಂತ ಸಿಸ್ಟರ್‌ಗೂ ನಮಸ್ಕಾರ.

ಮನೆಗೆ ಬಂದೆ, ಆದರೆ ಬಕೆಟ್ ಎತ್ತಿದರೂ ಏದುಸಿರು. ಹೊಂಗೆ ಹೂ ಬಿಡುವ ಕಾಲ. ಪೆಟ್ಟಿಗೆ ನೋಡುವವರಿಲ್ಲ. ನಮ್ಮ ಕಡೆಯ ಹಿರಿಯ ಜೇನುಗಾರರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. 1991-92ರಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ರಾಜ್ಯದ ತುಡುವೆ ಕುಟುಂಬಗಳು ಬಹುಪಾಲು ಸತ್ತವಲ್ಲ, ಆಗ ಅವರ ಪೆಟ್ಟಿಗೆಗಳೂ ಒಂದೊಂದಾಗಿ ಖಾಲಿಯಾದವು. ಖಾಲಿ ಪೆಟ್ಟಿಗೆ ಅಂದರೆ ಏನು ಅಂತ ಅವರಿಗೆ ಗೊತ್ತು. ನಾನು ಕೇಳಲೇ ಇಲ್ಲ. ಒಂದು ಸಂಜೆ ಕತ್ತಲಾದ ಮೇಲೆ ಗಾಡಿ ತಂದು, ಜೇನು ಓಡಾಡುವ ಬಾಗಿಲು ಮುಚ್ಚಿ, 42 ಪೆಟ್ಟಿಗೆಯನ್ನೂ ತಮ್ಮ ತೋಪಿಗೆ ಸಾಗಿಸಿದರು. ಹೊಂಗೆ ಮುಗಿಯುವ ತನಕ ಸಾಕಿ, ಜೇನು ತೆಗೆದು, ತುಂಬಿದ ಡಬ್ಬಗಳನ್ನು ನಮ್ಮ ಜಗುಲಿ ಮೇಲೆ ಇಟ್ಟು ಹೋದರು. ಕೂಲಿ ಅಂತ ಕೊಡಲು ಹೋದರೆ ಮುಖ ಸಿಂಡರಿಸಿಕೊಂಡರು. ಅಣ್ಣ, ಆ ವರ್ಷದ ನಮ್ಮ ಮನೆಯ ಊಟ ನಿಮ್ಮದು.

ಇನ್ನು ನಮ್ಮ ಓಣಿಯ ಆ ಹುಡುಗಿ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ವಿಭಾಗದಲ್ಲಿ ಕೆಲಸ. ನೋಡಲು ಬಂದವಳು ಆ ಟವೆಲ್ ಬಗ್ಗೆ ಕೇಳಿದಳು. ಹೇಳಿದೆ. ಅವಳು ನಿಧಾನಕ್ಕೆ ಬಿಡಿಸಿ ಹೇಳಿದಳು: ಫಾರ್ಮಿಕ್ ಆಸಿಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತೆ. ಒದ್ದೆ ಬಟ್ಟೆ ಅದನ್ನು ಹೀರಿಕೊಂಡು ಬಾಯಿ ಮೂಗಿನ ಹತ್ತಿರವೇ ಹಿಡಿದಿಡುತ್ತೆ. ಕೊರೋನಾ ಕಾಲದ ಎನ್-95 ಇದೆ ಅಂದೆ. ಅದು ಧೂಳಿನ ಕಣಕ್ಕೆ, ಆವಿ ಅದರೊಳಗೆ ಸಲೀಸಾಗಿ ನುಗ್ಗುತ್ತೆ ಅಂದಳು. ಕಾರ್ಖಾನೆಗಳಲ್ಲಿ ಈ ಆಸಿಡ್‌ಗೆ ಗಾಳಿಯ 10 ಲಕ್ಷ ಭಾಗಕ್ಕೆ 5 ಭಾಗ ಅನ್ನುವ ಮಿತಿ ಇದೆಯಂತೆ. ನಾನು ಬಾಗಿಲು ಓರೆ ಮಾಡಿಕೊಂಡು ಕೂತಿದ್ದೆ.

ಅವಳೇ ಜೊತೆಗೆ ಬಂದು ಮಾಸ್ಕ್ ಕೊಡಿಸಿದಳು. ಮೆತ್ತನೆ ರಬ್ಬರಿನದು, ಎರಡು ಕೆನ್ನೆಗೂ ಒಂದೊಂದು ಕಾರ್ಟ್ರಿಜ್, ಅಂದರೆ ಆವಿ ಹಿಡಿದಿಡುವ ಡಬ್ಬಿ. ಬಣ್ಣ ನೋಡಿ ಕೊಳ್ಳಬೇಡಿ ಅಂದಳು, ಅಮೆರಿಕದ ಬಣ್ಣದ ಲೆಕ್ಕ ಬೇರೆ, ಯುರೋಪಿನದು ಬೇರೆ. ಆಸಿಡ್ ಗ್ಯಾಸ್, ಆರ್ಗ್ಯಾನಿಕ್ ವೇಪರ್ ಎರಡೂ ಬರೆದಿರಬೇಕು, ಎಕ್ಸ್‌ಪೈರಿ ತಾರೀಕು ನೋಡಬೇಕು. ನುಸಿಗೆ ಆಕ್ಸಾಲಿಕ್ ಆಸಿಡ್ ಕಾಯಿಸಿ ಹೊಗೆ ಕೊಡುವವರಿಗೆ ಇದರ ಜೊತೆಗೆ ಕಣ ತಡೆಯುವ ಫಿಲ್ಟರ್ ಕೂಡ ಬೇಕು, ಏಕೆಂದರೆ ಆ ಹೊಗೆ ತಣಿದ ಕೂಡಲೇ ಸಣ್ಣ ಹರಳಾಗುತ್ತೆ. ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ಆಸಿಡ್ ತಡೆಯುವ ಗ್ಲೌಸ್, ಪಕ್ಕದಲ್ಲಿ ಎರಡು ಬಕೆಟ್ ನೀರು. ಕೆಲಸ ಮುಗಿದ ಮೇಲೆ ಕಾರ್ಟ್ರಿಜ್ ಗಾಳಿಯಾಡದ ಕವರಿನಲ್ಲಿ. ಮಾಸ್ಕ್ ಹಾಕಿಕೊಂಡೂ ವಾಸನೆ ಬಂತು ಅಂದರೆ ಅಲ್ಲಿಂದ ಆಚೆ ಬರಬೇಕು.

ಆದರೆ ನನಗೆ ಗಡ್ಡ ಇತ್ತು. ಮನೆದೇವರ ಹರಕೆಯದು. ಅವಳು ಕಾರ್ಟ್ರಿಜ್‌ಗಳ ಬಾಯಿಗೆ ಅಂಗೈ ಒತ್ತಿ ಹಿಡಿದು, ಉಸಿರು ಎಳೆಯಿರಿ ಅಂದಳು. ಮಾಸ್ಕ್ ಕೆನ್ನೆಗೆ ಹೀರಿಕೊಳ್ಳಬೇಕಿತ್ತು, ಹೀರಲಿಲ್ಲ. ಗಡ್ಡದ ಸಂದಿಯಿಂದ ಗಾಳಿ ಬರುತ್ತಿತ್ತು. ನಾನು ಸುಮ್ಮನಾದೆ. ಅಮ್ಮ ಒಳಗಿನಿಂದ ಬಂದು, ದೇವರಿಗೆ ಬೇಕಿರುವುದು ನೀನು ಕಣಪ್ಪ, ನಾಳೆಯೇ ಹೋಗಿ ಮುಡಿ ಕೊಟ್ಟು ಬರೋಣ ಅಂದಳು. ಮುಡಿ ಕೊಟ್ಟು ಬಂದ ದಿನ ಮತ್ತೆ ಹಾಕಿ ಎಳೆದೆ. ಎರಡೂ ಕೆನ್ನೆಗೆ ಗಪ್ಪನೆ ಅಂಟಿತು. ಅಮ್ಮ ನನ್ನ ಕೆನ್ನೆ ಮುಟ್ಟಿ ನೋಡಿದಳು.

ನಿನ್ನೆ ಹೊರಟಾಗ ಇನ್ನೂ ಮಂಜಿತ್ತು. ಬಯಲಿನಲ್ಲೇ ಸೀಸೆ ತುಂಬಿಸಿದೆ, ಗಾಳಿಗೆ ಬೆನ್ನು ಕೊಟ್ಟು. ಮಾಸ್ಕಿನ ಮೇಲೆ ಮುಖಪರದೆ. ಒಳಗೆ ನನ್ನ ಉಸಿರಿನ ಸದ್ದು ನನಗೇ ಕೇಳುತ್ತಿತ್ತು, ಹೋಗುವುದು, ಬರುವುದು. ಹತ್ತು ಪೆಟ್ಟಿಗೆ ಆದ ಮೇಲೆ ಅದನ್ನು ಎಣಿಸುವುದು ಬಿಟ್ಟೆ. ಹೆಂಡತಿ ಬದುವಿನ ಮೇಲೆ ನೀರಿನ ಬಕೆಟ್ ಇಟ್ಟುಕೊಂಡು ಕೊನೇ ಪೆಟ್ಟಿಗೆಯ ತನಕ ಕೂತಿದ್ದಳು. ಫೆಬ್ರವರಿಯಿಂದ ರಾತ್ರಿ ನನ್ನ ಎದೆ ಮೇಲೆ ಕೈ ಇಟ್ಟೇ ಮಲಗುವವಳು. ಅವಳಿಗೆ ಏನು ಹೇಳಲಿ, ಮನೆಯಲ್ಲೇ ಹೇಳುತ್ತೇನೆ.

ನಾಳೆ ಅಣ್ಣನ ತೋಪಿನ ಸರದಿ. ಅವರಿಗೂ ಒಂದು ಮಾಸ್ಕ್ ತಂದಿದ್ದೇನೆ. ಇಷ್ಟು ವರ್ಷ ಹಾಗೇ ಮಾಡಿದ್ದೀನಿ, ಈಗ ಯಾಕೆ ಅಂತ ಹೋದ ವಾರ ವಾದ ಮಾಡಿದ್ದರು. ಎದೆ ತನಕ ಬಿಳಿ ಗಡ್ಡ ಅವರದು, ನಾನು ಕಂಡಾಗಿನಿಂದ ಹಾಗೇ ಇದೆ. ಈಗ ತಾನೇ ಅವರ ಸೊಸೆ ಫೋನ್ ಮಾಡಿದ್ದಳು. ಮಾವ ಸಂಜೆ ಊರಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬಂದಿದ್ದಾರೆ, ಬೆಳಿಗ್ಗೆ ಆರಕ್ಕೇ ಬರಬೇಕಂತೆ ನೀವು ಅಂದಳು.