ಅಪ್ಪಾ, ಆ ಅಂಟಿನ ವಿಷಯ

ತೀರ್ಥರೂಪು ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ಅಂಟು ಹಾಕಿ ಕೂಡಿಸಿದ್ದು ಎಂಜಿನ್ನಿನ ಕಾವಿಗೆ ಬಿಟ್ಟುಕೊಳ್ಳೋದಿಲ್ವೇನಮ್ಮ?" ಅಂತ. ಅವಸರದಲ್ಲಿ ಏನೋ ಹೇಳಿಬಿಟ್ಟೆ. ಸಮಾಧಾನವಾಗಲಿಲ್ಲ, ಅದಕ್ಕೇ ಈ ಕಾಗದ.

ನೀವು ಕೇಳಿದ ಅಂಟು ಅಂದರೆ ವಿಮಾನದ ಭಾಗಗಳಲ್ಲಿ ಕಾರ್ಬನ್ ನಾರಿನ ಪದರಗಳನ್ನು ಕೂಡಿಸುವ ರಾಳ. ಅದು ಮಾಮೂಲಿ ಎಪಾಕ್ಸಿ ಆದರೆ ಬಿಟ್ಟುಕೊಳ್ಳುತ್ತದಪ್ಪ. ರೆಕ್ಕೆಗೆ ಅದು ಸಾಕು, ಎಂಜಿನ್ ಹತ್ತಿರ ಮೆತ್ತಗಾಗಿಬಿಡುತ್ತದೆ. ಅಲ್ಲಿಗೆ ಹೆಚ್ಚು ಕಾವು ತಾಳುವ ಪಾಲಿಇಮೈಡ್ ಎಂಬ ಜಾತಿಯ ರಾಳ ಬೇಕು. ಅದರಲ್ಲಿ ಹೆಸರಾದದ್ದು ಪಿಎಂಆರ್-15 ಎಂಬ ರಾಳ. 1970ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ನ ನಾಸಾ ಲೂಯಿಸ್ ಕೇಂದ್ರದಲ್ಲಿ ಹುಟ್ಟಿದ್ದು. ಆ ಕೇಂದ್ರಕ್ಕೆ ಈಗ ಗ್ಲೆನ್ ಎಂದು ಹೆಸರು. ಸುಮಾರು 288 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸಾವಿರಾರು ಗಂಟೆ ತಾಳುತ್ತದೆ. ಎಫ್-404 ಜೆಟ್ ಎಂಜಿನ್ನಿನ ಹೊರ ಬೈಪಾಸ್ ಡಕ್ಟನ್ನು, ಅಂದರೆ ಎಂಜಿನ್ನಿನ ತಿರುಳಿನ ಸುತ್ತ ಗಾಳಿ ಹರಿಯುವ ಕೊಳವೆಯನ್ನು, ಟೈಟಾನಿಯಂ ಬಿಟ್ಟು ಕಾರ್ಬನ್ ನಾರು ಮತ್ತು ಈ ರಾಳದಿಂದಲೇ ಮಾಡಿದರು. ತೂಕ ಅಷ್ಟು ಇಳಿಯಿತು.

ಕಷ್ಟವಿರುವುದು ಇದನ್ನು ಗಟ್ಟಿ ಮಾಡುವುದರಲ್ಲಿ. ಮೊದಲ ಹಂತದಲ್ಲಿ, ಸುಮಾರು 200 ಡಿಗ್ರಿ ಮುಟ್ಟುವ ಹೊತ್ತಿಗೆ, ಒಳಗಿನಿಂದ ನೀರಿನ ಆವಿಯೂ ಮೆಥನಾಲೂ ಹೊರಡುತ್ತವೆ. ಅವು ಪೂರ್ತಿ ಹೋದ ಮೇಲೆ ಒತ್ತಡ ಕೊಟ್ಟು 316 ಡಿಗ್ರಿಯವರೆಗೆ ಏರಿಸಬೇಕು. ಬೇಗ ಒತ್ತಿದರೆ ಆವಿ ಒಳಗೇ ಸಿಕ್ಕಿಬೀಳುತ್ತದೆ, ತಡವಾದರೆ ರಾಳ ಬಿಗಿದುಕೊಂಡು ಹರಿಯುವುದೇ ಇಲ್ಲ. ಹೋದ ತಿಂಗಳು ನಾನು ಬೇಗ ಒತ್ತಿದೆ. ಒತ್ತಡ ಕೊಟ್ಟು ಕಾಯಿಸುವ ಒಲೆಯಾದ ಆಟೋಕ್ಲೇವಿನಿಂದ ತೆಗೆದಾಗ ನಾರು-ರಾಳದ ಹಲಗೆ ಕನ್ನಡಿಯಂತೆ ನುಣುಪಾಗಿತ್ತು. ಅಂಚು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಪದರಪದರಗಳ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಗುಳ್ಳೆಗಳ ಸಾಲು. ಬಿಟ್ಟುಕೊಳ್ಳುವುದು ಶುರುವಾಗುವುದೇ ಅಂಥ ಜಾಗದಿಂದ. ಆ ಹಲಗೆಯನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ, ಮೇಜಿನ ಮೇಲೇ ಇದೆ.

ಇನ್ನೊಂದು ಮಾತು, ಅಮ್ಮನಿಗೆ ನೀವೇ ನಿಧಾನವಾಗಿ ಹೇಳಿ. ಹಸಿ ಪಿಎಂಆರ್-15ರಲ್ಲಿ ಮೀಥಿಲೀನ್ ಡಯಾನಿಲೀನ್ ಎಂಬ ರಾಸಾಯನಿಕ ಇರುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು, ಕ್ಯಾನ್ಸರಿನ ಭಯವೂ ಇದೆ, ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ಕೈಗವಸಿಲ್ಲದೆ ನಾನು ಅದನ್ನು ಮುಟ್ಟುವುದಿಲ್ಲ. ಆ ರಾಸಾಯನಿಕವಿಲ್ಲದೆ ಅಷ್ಟೇ ಕಾವು ತಾಳುವ ರಾಳಗಳ ಮೇಲೆ ಎಷ್ಟೋ ಜನ ದುಡಿದಿದ್ದಾರೆ, ಈಗ ನನ್ನ ಕೆಲಸವೂ ಅದೇ. ಡಕ್ಟ್ ಹಗುರವಾಗಲಿ ಅಂತ ರಾಳ ತೊಯ್ದ ನಾರನ್ನು ಕೈಯಾರೆ ಹಾಸುವವರ ಆರೋಗ್ಯ ಕೆಡಬಾರದಪ್ಪ, ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೊಸ ರಾಳದ ಹಲಗೆ ನಾಳೆ ಹೊರಗೆ ಬರುತ್ತದೆ. ಈ ಸಲ ಆವಿ ಪೂರ್ತಿ ಹೋಗುವವರೆಗೂ ಕಾದು ಆಮೇಲೆ ಒತ್ತಿದ್ದೇನೆ. ಒಳಗೆ ಗುಳ್ಳೆಯಿದೆಯೇ ಎಂದು ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್ ಮುಗಿದ ಕೂಡಲೇ ಫೋನ್ ಮಾಡುತ್ತೇನೆ. ಅಮ್ಮನಿಗೆ ನಮಸ್ಕಾರ.

ಇತಿ,
ನಿಮ್ಮ ಮಗಳು