ಒಪ್ಪಂದದ ಫೋಟೊ ಸಾಕು, ಮೊದಲು ಮೇಷ್ಟ್ರನ್ನು ಫೌಂಡ್ರಿಗೆ ಕಳಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ (ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ನಾನು 27 ವರ್ಷದಿಂದ ಗುಣಮಟ್ಟ ತಪಾಸಣೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕಾಲೇಜುಗಳೂ ಕೈಗಾರಿಕೆಗಳೂ ಕೈಜೋಡಿಸಬೇಕು ಎಂಬ ಸುದ್ದಿಯನ್ನು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಓದುತ್ತೇನೆ. ಒಪ್ಪಂದಕ್ಕೆ ಸಹಿ ಬಿದ್ದ ದಿನದ ಫೋಟೊ ಇರುತ್ತದೆ. ಒಂದು ವರ್ಷ ಕಳೆದ ಮೇಲೆ ಆ ಒಪ್ಪಂದದಿಂದ ಎಷ್ಟು ಹುಡುಗರು ಏನು ಕಲಿತರು ಎಂಬುದನ್ನು ಮಾತ್ರ ಎಲ್ಲೂ ಓದಿದ ನೆನಪಿಲ್ಲ. ಅದಕ್ಕೇ ಈ ಪತ್ರ.

ಕಳೆದ ವರ್ಷ ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗನೊಬ್ಬ ನಮ್ಮ ಗೇಟಿಗೆ ಬಂದ. ಕೈಯಲ್ಲಿ ಇಂಟರ್ನ್‌ಶಿಪ್ ಪ್ರಮಾಣಪತ್ರ, ನಮ್ಮ ಕಂಪನಿ ಹೆಸರಿನ ಸಮೇತ ಮೊದಲೇ ಟೈಪ್ ಆಗಿತ್ತು. 'ಸರ್, ಸಹಿ ಮತ್ತ ಸಿಕ್ಕಾ ಅಷ್ಟ ಬೇಕ್ರಿ' ಅಂದ. 'ನಾಳೆಯಿಂದ ಬಾ, ಕೆಲಸ ಕಲಿ, ಸಹಿ ಆಮೇಲೆ ನಾನೇ ಮಾಡಿಕೊಡ್ತೀನಿ' ಅಂದೆ. ತಲೆ ತಗ್ಗಿಸಿ ಹೋದ. ಅದೇ ಸಂಜೆ ನಮ್ಮದೇ ರಸ್ತೆಯ ಇನ್ನೊಂದು ಕಾರ್ಖಾನೆಯಲ್ಲಿ ಅವನಿಗೆ ಸಹಿ ಸಿಕ್ಕಿತೆಂದು ಆಮೇಲೆ ತಿಳಿಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೊಡುವವರಿದ್ದಾರೆ, ಒಪ್ಪಿಕೊಳ್ಳುವವರಿದ್ದಾರೆ, ಅವನು ಕೇಳಿದ.

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅದಕ್ಕೂ ಒಂದು ವರ್ಷ ಮೊದಲು, ಜುಲೈ ತಿಂಗಳು. ಬೆಳಗಾವಿಯ ಜುಲೈ ಎಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ನಮ್ಮಂಥ ಫೌಂಡ್ರಿಗಳಲ್ಲಿ ಅಚ್ಚು ಮಾಡುವುದು ಹಸಿ ಉಸುಕಿನಲ್ಲಿ: ಸಿಲಿಕಾ ಉಸುಕು, ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು. ಆ ನೀರು ನೂರಕ್ಕೆ ಮೂರು-ನಾಲ್ಕು ಭಾಗ ಇದ್ದರೆ ಸರಿ, ಅದಕ್ಕಿಂತ ಹೆಚ್ಚಾದರೆ ಕೆಟ್ಟಿತು. 1,350 ಡಿಗ್ರಿಯ ಕರಗಿದ ಕಬ್ಬಿಣ ಒಳಗೆ ಬೀಳುತ್ತಿದ್ದಂತೆ ನೀರು ಉಗಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಎರಕದ ಚರ್ಮದ ಕೆಳಗೆ ಗುಳ್ಳೆಯಾಗಿ ಕೂತುಬಿಡುತ್ತದೆ. ಅದನ್ನೇ ನಾವು ಬ್ಲೋಹೋಲ್ ಅನ್ನುವುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಪುಣೆಯ ಗಿರಾಕಿ ಮಷಿನಿಗೆ ಹಾಕಿ ಮೇಲಿನ ಪದರ ಕೆರೆದಾಗ ತೂತು ಬಾಯಿ ಬಿಡುತ್ತದೆ, ಮಾಲು ವಾಪಸ್ ಬರುತ್ತದೆ. ಕರಗಿಸಿದ ಕರೆಂಟು, ಲಾರಿ ಬಾಡಿಗೆ, ಗಿರಾಕಿಯ ನಂಬಿಕೆ ಎಲ್ಲಕ್ಕೂ ಹೊಡೆತ.

ಆ ಮಳೆಗಾಲದಲ್ಲಿ ಮೆಕ್ಯಾನಿಕಲ್ ವಿಭಾಗದ ಒಬ್ಬ ಹುಡುಗಿ ಆರು ವಾರಕ್ಕೆಂದು ಬಂದಳು. ಪಂಪ್ ಬಾಡಿಗಳ ರಿಜೆಕ್ಷನ್, ಅಂದರೆ ದೋಷದಿಂದ ತಿರಸ್ಕೃತವಾಗುವ ಮಾಲಿನ ವಿಷಯವನ್ನೇ ಕೈಗೆ ಕೊಟ್ಟೆ. ನಾವು ರಿಜೆಕ್ಷನ್ ಬರೆಯುತ್ತಿದ್ದುದು ದಿನದ ಲೆಕ್ಕದಲ್ಲಿ. ಅವಳು ತಾಸಿನ ಲೆಕ್ಕದಲ್ಲಿ ಬರೆಯತೊಡಗಿದಳು. ಎರಡು ತಾಸಿಗೊಮ್ಮೆ ಉಸುಕಿನ ತೇವ ಅಳೆದು, ಯಾವ ಹೊತ್ತಿನ ಅಚ್ಚು ಯಾವುದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದು ನೂರು ಪುಟದ ನೋಟ್‌ಬುಕ್ಕನ್ನು ಬಹುಪಾಲು ತುಂಬಿಸಿದಳು. ಮೂರನೇ ವಾರಕ್ಕೆ ಸಂಗತಿ ಹೊರಬಿತ್ತು. ಗುಳ್ಳೆ ಬಿದ್ದ ಮಾಲಿನಲ್ಲಿ ಬಹುಪಾಲು ಮುಂಜಾನೆಯ ಮೊದಲ ಎರಡು ತಾಸಿನದು. ಹೊಸ ಉಸುಕಿನ ಗುಡ್ಡೆಯನ್ನು ನಾವು ಶೆಡ್ಡಿನ ಹೊರಗೆ ತಾಡಪತ್ರಿ ಹೊದಿಸಿ ಇಟ್ಟಿದ್ದೆವು. ಮೇಲಿಂದ ಮಳೆ ಬೀಳುತ್ತಿರಲಿಲ್ಲ, ನೆಲದಿಂದ ನೀರು ಏರುತ್ತಿತ್ತು. ಬೆಳಿಗ್ಗೆ ಬಂದವರು ಗುಡ್ಡೆಯ ಬುಡದಿಂದಲೇ ಎತ್ತುತ್ತಿದ್ದರು.

ಇದನ್ನು ಅಚ್ಚು ಮಾಡುವ ನಮ್ಮ ಹಿರಿಯ ಮೋಲ್ಡರ್‌ಗೆ ತೋರಿಸಿದಾಗ ಅವರು ಒಂದು ಹಿಡಿ ಉಸುಕನ್ನು ಮುಷ್ಟಿಯಲ್ಲಿ ಹಿಚುಕಿ, ನಡುವೆ ಮುರಿದು, ಅಂಚನ್ನು ನೋಡಿ, 'ಮುಂಜಾನಿ ಉಸುಕು ಭಾರ ಇರತೈತ್ರಿ, ನನಗ ಗೊತ್ತಿತ್ತು' ಅಂದರು. 'ಮತ್ತ ಹೇಳಲಿಲ್ಲ ಯಾಕ?' ಅಂದೆ. 'ಯಾರೂ ಕೇಳಲಿಲ್ಲಲ್ರಿ.'

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಗುಡ್ಡೆಯ ಕೆಳಗೆ ಕಾಂಕ್ರೀಟ್ ಕಟ್ಟೆ ಹಾಕಿಸಿದೆವು, ಮೇಲಿನಿಂದ ಎತ್ತುವ ಪದ್ಧತಿ ಮಾಡಿದೆವು. ಮುಂದಿನ ತಿಂಗಳು ಗುಳ್ಳೆಯ ರಿಜೆಕ್ಷನ್ ಅರ್ಧಕ್ಕೂ ಕೆಳಗೆ ಇಳಿಯಿತು. ಮೂವತ್ತು ವರ್ಷದ ಕೈಯ ಅಳತೆ, ಇಪ್ಪತ್ತೊಂದು ವರ್ಷದ ಹುಡುಗಿಯ ನೋಟ್‌ಬುಕ್, ಎರಡೂ ಕೂಡಿದ್ದರಿಂದ ಆದದ್ದು ಅದು. ವಿಶ್ವವಿದ್ಯಾಲಯ-ಕೈಗಾರಿಕೆ ಸಹಯೋಗ ಅಂದರೆ ನನ್ನ ಕಣ್ಣಿಗೆ ಬರುವುದು ಆ ನೋಟ್‌ಬುಕ್.

ಆದರೆ ಅವಳ ವರದಿ ಕಾಲೇಜಿಗೆ ಹೋದಾಗ ಆ ತಾಸಿನ ಕೋಷ್ಟಕಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. ಬೇರೆಯವರ ಪ್ರಬಂಧಗಳ ಸಮೀಕ್ಷೆ ಇಪ್ಪತ್ತು ಪುಟ ಇರಬೇಕು ಅಂದರಂತೆ, ಕೋಷ್ಟಕ ಅನುಬಂಧಕ್ಕೆ ಹೋಯಿತು. ಅವಳ ಮಾರ್ಗದರ್ಶಕರಿಗೆ ನಾನು ಫೋನ್ ಮಾಡಿದೆ. ತುಂಬ ಒಳ್ಳೆಯ ಮನುಷ್ಯ. ಮೂರು ವಿಷಯ ಪಾಠ, ಜತೆಗೆ ಮಾನ್ಯತೆಯ ಫೈಲುಗಳ ಕೆಲಸ, ಉಸಿರಾಡಲೂ ಬಿಡುವಿಲ್ಲ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: 'ಸರ್, ನಾನು ಫೌಂಡ್ರಿ ಒಳಗ ಕಾಲಿಟ್ಟಿದ್ದು ವಿದ್ಯಾರ್ಥಿ ಇದ್ದಾಗ ಒಮ್ಮೆ. ಅದೂ ಒಂದು ತಾಸು. ಎಂ.ಟೆಕ್. ಮುಗಿಸಿ ನೇರ ಪಾಠಕ್ಕ ಬಂದೆ.'

ನನ್ನ ವಿನಂತಿಯ ತಿರುಳು ಇಲ್ಲೇ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಈಗಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಮಾಡಿರುವುದು ಒಳ್ಳೆಯದೇ. ಆದರೆ ಕಳಿಸುವ ಮೇಷ್ಟ್ರಿಗೇ ಕಾರ್ಖಾನೆಯ ನೆಲ ಗೊತ್ತಿಲ್ಲದಿದ್ದರೆ ಹುಡುಗರು ಏನು ತಂದರೂ ತೂಗಿ ನೋಡುವವರು ಯಾರು? ಸುಳ್ಳು ಸಹಿಯೂ ನೂರು ಪುಟದ ನೋಟ್‌ಬುಕ್ಕೂ ಒಂದೇ ತಕ್ಕಡಿಯಲ್ಲಿ ಬೀಳುತ್ತವೆ. ಆದ್ದರಿಂದ ವಿದ್ಯಾರ್ಥಿಗಳಿಗಿಂತ ಮೊದಲು ಅಧ್ಯಾಪಕರನ್ನು ಕಳಿಸಿ. ವಿಭಾಗಕ್ಕೊಬ್ಬರಂತೆ ಒಂದು ಸೆಮಿಸ್ಟರ್ ಪಾಠದಿಂದ ಬಿಡುಗಡೆ ಕೊಟ್ಟು, ಸಂಬಳ ಕಡಿಯದೆ, ಒಂದೇ ಕಾರ್ಖಾನೆಯಲ್ಲಿ ಕೂರಿಸಿ. ಬಡ್ತಿಗೆ ಪ್ರಬಂಧಗಳನ್ನು ಎಣಿಸುವ ಹಾಗೆ ಅವರು ಅಲ್ಲಿ ಬಿಡಿಸಿದ ಒಂದು ಸಮಸ್ಯೆಯನ್ನೂ ಎಣಿಸಿ. ಹಾಗೆ ಬಂದವರು ಮರಳಿ ಹೋದ ಮೇಲೆ ಪ್ರಾಜೆಕ್ಟ್ ವಿಷಯಕ್ಕೆ ಹುಡುಗರು ಪೇಟೆಯಲ್ಲಿ ರೆಡಿಮೇಡ್ ಮಾಡೆಲ್ ಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಸಮಸ್ಯೆಗಳಿಗೆ ಬರವಿಲ್ಲ. ಸುಟ್ಟ ಉಸುಕು ಎಲ್ಲಿ ಹಾಕಬೇಕು ಎಂಬುದೊಂದೇ ಹತ್ತು ತಂಡಕ್ಕೆ ಸಾಲುತ್ತದೆ.

ದೂರ ಹೋಗಬೇಕಾಗಿಯೂ ಇಲ್ಲ. ವಿಟಿಯು ಕೇಂದ್ರ ಕಚೇರಿ ಇರುವುದು ಮಚ್ಛೆಯಲ್ಲಿ, ಮಚ್ಛೆಯಲ್ಲೇ ಕೈಗಾರಿಕಾ ಪ್ರದೇಶವೂ ಇದೆ. ಅತ್ತ ಹೊನಗಾ, ಇನ್ನೂ ಮುಂದೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳು. ಯಾವ ಮಹನೀಯರ ಹೆಸರನ್ನು ಈ ವಿಶ್ವವಿದ್ಯಾಲಯಕ್ಕೆ ಇಟ್ಟಿದ್ದೇವೋ ಆ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲೇ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹಿಂದೆ ನಿಂತವರೂ ಅವರೇ. ಕಾಲೇಜು ಒಂದು ಕೈ, ಕುಲುಮೆ ಇನ್ನೊಂದು ಕೈ.

ನಮ್ಮ ಊರಲ್ಲೇ ಮಾದರಿಯೂ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲಿ. ಅಲ್ಲಿಂದ ಬಂದ ಹುಡುಗರ ಕೈಗೆ ಮೈಕ್ರೋಮೀಟರ್ ಕೊಟ್ಟರೆ ಹೇಳಿಕೊಡಬೇಕಾಗಿಲ್ಲ. ಪದವಿ ಹುಡುಗರಿಗೆ ಅದೇ ಯಾಕೆ ಆಗಬಾರದು?

ಎದುರು ದಿಕ್ಕಿನ ದಾರಿಯೂ ತೆರೆದಿದೆ. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆಗೆ ಮಾರ್ಗಸೂಚಿ ತಂದಿತು. ಕನಿಷ್ಠ 15 ವರ್ಷದ ಅನುಭವ ಬೇಕು, ಡಾಕ್ಟರೇಟ್ ಕಡ್ಡಾಯವಲ್ಲ. ಇದನ್ನು ದೊಡ್ಡ ಕಂಪನಿಗಳ ನಿರ್ದೇಶಕರ ಭಾಷಣಕ್ಕೆ ಮೀಸಲಿಡಬೇಡಿ. ಆ ಹುದ್ದೆಗೆ ಸಲ್ಲದಿದ್ದರೂ ಚಿಂತೆಯಿಲ್ಲ, ದಿನಗೂಲಿಯ ಗೌರವಧನ ಕೊಟ್ಟಾದರೂ ನಮ್ಮ ಮೋಲ್ಡರ್, ಪ್ಯಾಟರ್ನ್ (ಅಚ್ಚಿಗೆ ಬೇಕಾದ ಮರದ ಮಾದರಿ) ಮಾಡುವ ಬಡಿಗರನ್ನು ವರ್ಕ್‌ಶಾಪಿಗೆ ಕರೆಸಿ. ಅವರ ಮುಷ್ಟಿಯಲ್ಲಿರುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಇನ್ನು ಹತ್ತು ವರ್ಷಕ್ಕೆ ಅವರೂ ನಿವೃತ್ತರಾಗುತ್ತಾರೆ.

ಈಗ ನಮ್ಮ ಕಡೆಯ ತಪ್ಪು. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನಾವೇ ತಾನೆ? ಕಾಲೇಜುಗಳನ್ನು ದೂರುವ ಮೊದಲು ಕಾರ್ಖಾನೆ ಮಾಲೀಕರ ಸಂಘಗಳು ಇದನ್ನು ನಿಲ್ಲಿಸಬೇಕು. ಇನ್ನು ಕೆಲವರು ಹುಡುಗರನ್ನು ಕರೆದುಕೊಂಡು, ಕಲಿಸದೆ, ಪುಕ್ಕಟೆ ಮಾಲು ಎಣಿಸುವ ಕೆಲಸಕ್ಕೆ ಹಚ್ಚುತ್ತಾರೆ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 4ರಿಂದ 29 ಜನರಿರುವ ಘಟಕಕ್ಕೆ ತರಬೇತಿ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವುದು ಐಚ್ಛಿಕ. ಉದ್ಯಮಬಾಗದ ಅನೇಕ ಘಟಕಗಳು ಆ ಮಿತಿಯ ಒಳಗೇ ಬರುವುದರಿಂದ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಪದವೀಧರ ಅಪ್ರೆಂಟಿಸ್‌ಗೆ ನಿಗದಿಯಾದ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತೇ ಇಲ್ಲ. ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಮಾಹಿತಿ ತುಂಬಿಸಲು ಅವರಿಗೆ ಒಬ್ಬ ಗುಮಾಸ್ತನ ನೆರವು ಸಿಕ್ಕರೆ ಸಾಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾರ್ಥಿಗಳಿಗೆ ಇದೇ ಒಂದು ಪ್ರಾಜೆಕ್ಟ್ ಆಗಬಹುದು. ನಮಗೆ ಬೇಕಾಗಿರುವುದು ಬರೀ ಮೆಕ್ಯಾನಿಕಲ್‌ನವರಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆ ಹುಡುಗಿ ಬಂದ ಮೊದಲ ದಿನ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಮಧ್ಯಾಹ್ನ ಅವಳು ರಸ್ತೆ ದಾಟಿ ಪರಿಚಯದವರ ಮನೆಗೆ ಹೋಗಿ ಬರುತ್ತಿದ್ದಳು. ನಾಲ್ಕನೇ ದಿನ ಗೊತ್ತಾದಾಗ ನನಗೆ ನಾಚಿಕೆಯಾಯಿತು. ಮಾಲೀಕರಿಗೆ ಹೇಳಿ ಕಟ್ಟಿಸಿದೆವು. ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ಬಾಗಿಲಲ್ಲೇ ತಡೆ ಹಾಕಿ, ಒಳಗೆ ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಗೊಣಗುವುದು ನ್ಯಾಯವಲ್ಲ. ಕಾಲೇಜುಗಳು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇದನ್ನು ಕೇಳಲಿ: ಶೌಚಾಲಯ ಇದೆಯೇ, ಸುರಕ್ಷಾ ಬೂಟು ಕೊಡುತ್ತೀರಾ, ವಿಮೆ ಮಾಡಿಸುತ್ತೀರಾ, ಕಲಿಸುವವರು ಯಾರು, ಅವರ ಹೆಸರೇನು?

ಬರುವ ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುತ್ತದೆ, ಉಸುಕು ಮತ್ತೆ ಭಾರವಾಗುತ್ತದೆ. ಯಾವುದೇ ಕಾಲೇಜಿನ ಇಬ್ಬರು ಅಧ್ಯಾಪಕರು ಬರುವುದಾದರೆ ಅವರಿಗೆ ಬೂಟು, ಹೆಲ್ಮೆಟ್, ಕೂರಲು ಒಂದು ಮೇಜು ಕೊಡಲು ನಮ್ಮ ಮಾಲೀಕರು ಒಪ್ಪಿದ್ದಾರೆ. ಆ ನೋಟ್‌ಬುಕ್ ನನ್ನ ಹತ್ತಿರ ಜೋಪಾನವಾಗಿದೆ. ಕೊನೆಯ ಹನ್ನೆರಡು ಪುಟ ಇನ್ನೂ ಖಾಲಿ ಇವೆ.

ಇಂತಿ,
ಉದ್ಯಮಬಾಗದ ಒಬ್ಬ ಫೌಂಡ್ರಿ ಮೇಲ್ವಿಚಾರಕ
ಬೆಳಗಾವಿ